ಕಾಸರಗೋಡಿನ ಸೆಕೆಗೆ 43 ಸಾಕು: ಐ5-2500ಕೆ ಓವರ್‌ಕ್ಲಾಕ್ ಮಾಡಿ ಬಳಸಿದವನ ವಿಮರ್ಶೆ

ಇಂಟೆಲ್ ಕೋರ್ ಐ5-2500ಕೆ ಪ್ರೊಸೆಸರ್ ಬಂದದ್ದು 2011ರ ಜನವರಿಯಲ್ಲಿ. ನಾನು ಮಂಗಳೂರಿನಿಂದ ತಂದದ್ದು ಅದೇ ವರ್ಷದ ಕೊನೆಗೆ, ಝಡ್68 ಮದರ್‌ಬೋರ್ಡಿನ ಜೊತೆ. ಅಂದಿನಿಂದ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಓವರ್‌ಕ್ಲಾಕ್ ಆಗಿಯೇ, ಅಂದರೆ ಕಂಪೆನಿ ಇಟ್ಟ ವೇಗಕ್ಕಿಂತ ಜಾಸ್ತಿಯಲ್ಲೇ, ಓಡುತ್ತಿದೆ. ಮುಖ್ಯ ಕೆಲಸ ಯಕ್ಷಗಾನದ ವಿಡಿಯೋ ಎಡಿಟಿಂಗ್. ಈ ಪ್ರೊಸೆಸರ್ ಬಗ್ಗೆ ಗೇಮ್ ಆಡುವವರು ಬರೆದದ್ದು ಬೇಕಾದಷ್ಟಿದೆ. ಅದನ್ನೆಲ್ಲ ಓದಿದರೆ ಅವರ ಕೋಣೆಯಲ್ಲಿ ಏಸಿ ಇತ್ತು ಅಂತ ಕಾಣುತ್ತದೆ. ನಮ್ಮಲ್ಲಿಲ್ಲ. ಫ್ಯಾನ್ ಉಂಟು, ಅದೂ ಕರೆಂಟು ಇದ್ದರೆ.

ಪ್ರೊಸೆಸರಿನ ವೇಗ ಅಂದರೆ ಬಸ್ ಸ್ಪೀಡ್ ಇಂಟು ಮಲ್ಟಿಪ್ಲೈಯರ್, ಅಷ್ಟೇ. ಇದರಲ್ಲಿ 100 ಮೆಗಾಹರ್ಟ್ಸ್ ಇಂಟು 33, ಅಂದರೆ 3.3 ಗಿಗಾಹರ್ಟ್ಸ್. ನಾಲ್ಕೂ ಕೋರ್‌ಗಳಿಗೆ ಕೆಲಸ ಬಿದ್ದಾಗ ಟರ್ಬೋ ಎಂಬ ಸ್ವಯಂ ಏರಿಕೆ ಅದನ್ನು 3.4ಕ್ಕೆ ಏರಿಸುತ್ತದೆ. ಒಂದೇ ಕೋರ್ ಆದರೆ 3.7.

ಹಿಂದೆ ಆಟವೆಲ್ಲ ಬಸ್ ಸ್ಪೀಡಿನದ್ದೇ. 1998ರ ಸೆಲೆರಾನ್ 300ಎ ಹಳಬರಿಗೆ ನೆನಪಿರಬಹುದು. ಅದರ ಮಲ್ಟಿಪ್ಲೈಯರ್ 4.5ಕ್ಕೆ ಲಾಕ್, ಬಸ್ 66. ಬಸ್ಸನ್ನು 100 ಮಾಡಿದರೆ 300ರ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು. ಕೋರ್ 2 ಡ್ಯುಯೋ ಕಾಲದಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಜೊತೆಗೆ ರ‍್ಯಾಮ್ ವೇಗವೂ ಏರುವುದರಿಂದ ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು. ಆ ಅಭ್ಯಾಸದವರು 2500ಕೆ ಕೈಗೆ ಸಿಕ್ಕಿದ ಕೂಡಲೇ ಬೇಸ್ ಕ್ಲಾಕ್ (ಬಸ್ ಸ್ಪೀಡಿಗೆ ಇದರಲ್ಲಿರುವ ಹೆಸರು) ತಿರುಗಿಸಲು ಹೊರಡುತ್ತಾರೆ. ಬೇಡ. ಡಿಸ್ಕಿನ ಸಾಟಾ, ಕಾರ್ಡುಗಳ ಪಿಸಿಐ ಎಕ್ಸ್‌ಪ್ರೆಸ್ ಎಲ್ಲ ಇದರಲ್ಲಿ ಅದೇ ಒಂದು ಕ್ಲಾಕಿನ ಮೇಲೆ ನಿಂತಿವೆ. 100ನ್ನು 105 ಮಾಡಿದರೆ ಹಾರ್ಡ್ ಡಿಸ್ಕಿಗೆ ಹೋಗುವ ದಾರಿಯ ವೇಗವೂ ಶೇಕಡಾ 5 ಏರಿತು. ಪ್ರೊಸೆಸರ್ ಅದನ್ನು ತಡೆದುಕೊಂಡೀತು, ಡಿಸ್ಕಿನಲ್ಲಿರುವ ಫೈಲ್ ತಡೆದುಕೊಳ್ಳಬೇಕಲ್ಲ? ರಾತ್ರಿಯಿಡೀ ಕೂತು ರೆಕಾರ್ಡ್ ಮಾಡಿದ ಆಟ ಅದು, ಇನ್ನೊಮ್ಮೆ ಆಡಿ ಅಂತ ಮೇಳದವರನ್ನು ಕೇಳಲಿಕ್ಕಾಗುತ್ತದಾ? ನಾನು ಬೇಸ್ ಕ್ಲಾಕ್ 100ರಲ್ಲೇ ಬಿಟ್ಟಿದ್ದೇನೆ. 2015ರ ಸ್ಕೈಲೇಕ್ ತಲೆಮಾರಿನಲ್ಲಿ ಇಂಟೆಲ್ ಈ ಗಂಟನ್ನು ಬಿಚ್ಚಿತು. ಅದಕ್ಕಿಂತ ಹಿಂದಿನ ಸ್ಯಾಂಡಿ ಬ್ರಿಡ್ಜ್‌ಗೆ, ಅಂದರೆ 2500ಕೆಯ ತಲೆಮಾರಿಗೆ, ಮಲ್ಟಿಪ್ಲೈಯರ್ ಒಂದೇ ಗತಿ. ಹೆಸರಿನ ಕೊನೆಯ ‘ಕೆ’ ಅಂದರೆ ಮಲ್ಟಿಪ್ಲೈಯರಿಗೆ ಲಾಕ್ ಇಲ್ಲ, ಅದಕ್ಕೆ ಜಾಸ್ತಿ ದುಡ್ಡು ಕೊಡುವುದೂ ಅದಕ್ಕೇ.

ಇನ್ನು ಲೆಕ್ಕ. ನನ್ನ ಮಲ್ಟಿಪ್ಲೈಯರ್ ಈಗ 43ರಲ್ಲಿದೆ, 4.3 ಗಿಗಾಹರ್ಟ್ಸ್, ಲೋಡಿನಲ್ಲಿ 1.27 ವೋಲ್ಟ್. 3.4ಕ್ಕೆ ಹೋಲಿಸಿದರೆ ವೇಗ ಶೇಕಡಾ 26 ಜಾಸ್ತಿ. ಮೊದಲು ಒಂದು ಗಂಟೆ ಹಿಡಿಯುತ್ತಿದ್ದ ರೆಂಡರ್ ಈಗ ಸುಮಾರು 48 ನಿಮಿಷ. ಇದೇ ಚಿಪ್ 45ರಲ್ಲೂ ಓಡುತ್ತದೆ, ಆದರೆ 1.36 ವೋಲ್ಟ್ ಕೇಳುತ್ತದೆ. ಆಗ ಸಿಗುವ ಹೆಚ್ಚಿನ ಲಾಭ ಗಂಟೆಯ ಕೆಲಸದಲ್ಲಿ ಎರಡು ನಿಮಿಷ. ಬಿಸಿ? ಪ್ರೊಸೆಸರ್ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. 43ರಿಂದ 45ಕ್ಕೆ ಹೋದರೆ ಶೇಕಡಾ 20ರಷ್ಟು ಹೆಚ್ಚು ಬಿಸಿ. ಎರಡು ನಿಮಿಷಕ್ಕೆ ಇಷ್ಟು ಕೊಡುವುದು ನನಗಂತೂ ಹಿಡಿಸಲಿಲ್ಲ. ನಿಮ್ಮ ಚಿಪ್ಪಿಗೆ ಇದೇ ವೋಲ್ಟ್ ಸಾಕಾಗಬೇಕೆಂದಿಲ್ಲ, ಒಂದೊಂದರದು ಒಂದೊಂದು ಗುಣ.

ಅಷ್ಟಕ್ಕೂ ಈ ಊರಿನಲ್ಲಿ ಮಾರ್ಚ್-ಏಪ್ರಿಲ್ ಅಂತ ಒಂದು ಪರೀಕ್ಷೆ ಉಂಟು. ಕೂಲರ್ ಎಷ್ಟೇ ಒಳ್ಳೆಯದಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಗಾಳಿಗಿಂತ 40 ಡಿಗ್ರಿ ಮೇಲೆ ನಿಲ್ಲಿಸುವ ಕೂಲರ್ ಇದ್ದರೆ, 24 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 64, 34 ಡಿಗ್ರಿಯ ಕೋಣೆಯಲ್ಲಿ 74. ನನ್ನಲ್ಲಿರುವುದು ಕೂಲರ್ ಮಾಸ್ಟರ್ ಹೈಪರ್ 212. ಜೋರು ಮಳೆಗಾಲದಲ್ಲಿ 45 ಕೂಡ ಆರಾಮ. ಏಪ್ರಿಲ್ ಮಧ್ಯಾಹ್ನ ಅದೇ 45ರಲ್ಲಿ ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ಹಾಕಿದರೆ ಫ್ಯಾನಿನ ಕಿರುಚಾಟ ಚಾವಡಿಗೆ ಕೇಳುತ್ತದೆ. ನಮಗೆ ಕೆಲಸ ತುಂಬುವುದೂ ಆಗಲೇ. ಮೇ ಕೊನೆಯ ಪತ್ತನಾಜೆಗೆ (ಮೇಳಗಳ ತಿರುಗಾಟ ಮುಗಿಯುವ ದಿನ) ಮೊದಲು ಮೇಳಗಳ ತಿರುಗಾಟ ಜೋರು, ದಿನ ಬೆಳಗಾದರೆ ಯಾರಾದರೊಬ್ಬರು ಮೆಮೊರಿ ಕಾರ್ಡ್ ಹಿಡಿದು ಬರುತ್ತಾರೆ. ಹಾಗಾಗಿ ಸೆಟ್ಟಿಂಗ್ ಪಕ್ಕಾ ಮಾಡುವುದಿದ್ದರೆ ಸೆಕೆಗಾಲದ ಮಧ್ಯಾಹ್ನವೇ ಮಾಡಿ. ಜುಲೈಯಲ್ಲಿ ಪಾಸಾದದ್ದನ್ನು ನಂಬಬೇಡಿ.

ಧೂಳಿನದ್ದು ಬೇರೆಯೇ ಕತೆ. ನಮ್ಮದು ಮುರಕಲ್ಲಿನ ಊರು. ಕೂಲರಿನ ಫ್ಯಾನ್ ಬಿಚ್ಚಿದರೆ ತಗಡುಗಳ ಬಾಯಿಗೆ ಕೆಂಪು ಧೂಳಿನ ಪದರ ಕೂತಿರುತ್ತದೆ. ಅಂಗಳದಲ್ಲಿ ಅಡಿಕೆ ಸುಲಿಯುವ ಸಮಯವಾದರೆ ಅದರ ಜೊತೆ ಸಿಪ್ಪೆಯ ಸಣ್ಣ ನಾರು ಕೂಡ ಹೆಣೆದುಕೊಂಡಿರುತ್ತದೆ. ಉಗುರಿನಿಂದ ಒಂದು ಮೂಲೆ ಎತ್ತಿದರೆ ಇಡೀ ಪದರ ಒಟ್ಟಿಗೇ ಎದ್ದು ಬರುತ್ತದೆ. ತೆಗೆದ ದಿನವೇ ಲೋಡಿನಲ್ಲಿ ಐದಾರು ಡಿಗ್ರಿ ಇಳಿಯುತ್ತದೆ. ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯೋಸಿನ ಯಾವ ಬದಲಾವಣೆಯೂ ಇಷ್ಟು ಸುಲಭಕ್ಕೆ ಇದನ್ನು ಕೊಡುವುದಿಲ್ಲ.

ನೆರೆಮನೆಯ ಭಾವ ಒಮ್ಮೆ ಕೇಳಿದರು, “ಇದರ ಸ್ಪೀಡು ಏರ್ಸಿದ್ರೆ ಕರೆಂಟು ಬಿಲ್ಲು ಜಾಸ್ತಿ ಬರುದಿಲ್ವಾ ಭಾವ?” ಬರುತ್ತದೆ, ಆದರೆ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಹುಡುಕಿದರೂ ಕಾಣದಷ್ಟು. 43ರಲ್ಲಿ ಹೆಚ್ಚಾಗುವುದು 35 ವಾಟಿನ ಆಸುಪಾಸು. ಐದು ಗಂಟೆ ರೆಂಡರ್ ಮಾಡಿದರೂ ಕಾಲು ಯೂನಿಟ್ ಆಗುವುದಿಲ್ಲ. ಒಂದು ಮಾತು ಮಾತ್ರ: ವೋಲ್ಟೇಜನ್ನು ಫಿಕ್ಸೆಡ್ ಇಡದೆ ವೇಗದ ಜೊತೆ ಏರಿಳಿಯುವ ಆಫ್‌ಸೆಟ್‌ನಲ್ಲಿಡಿ, ಕೆಲಸವಿಲ್ಲದಾಗ ವೇಗ ಇಳಿಸುವ ಸ್ಪೀಡ್‌ಸ್ಟೆಪ್ ಆಫ್ ಮಾಡಬೇಡಿ. ಆಗ ಸುಮ್ನೆ ಕೂತಿರುವಾಗ ಪ್ರೊಸೆಸರ್ 1.6 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ, ವೋಲ್ಟೇಜೂ ಇಳಿಯುತ್ತದೆ.

ಕಿರಿಕಿರಿ ಇಲ್ಲವೆಂದಲ್ಲ. ಕರೆಂಟು ಹೋಗಿ ಬಂದರೆ ನನ್ನ ಬೋರ್ಡು ಕೆಲವೊಮ್ಮೆ ‘ಓವರ್‌ಕ್ಲಾಕಿಂಗ್ ಫೇಲ್’ ಅಂತ ಹೇಳಿ ಎಫ್1 ಒತ್ತಲು ಕಾಯುತ್ತದೆ. ಸೆಟ್ಟಿಂಗಿಗೆ ಏನೂ ಆಗಿರುವುದಿಲ್ಲ. ಯುಪಿಎಸ್ ಹಾಕಿದ ಮೇಲೆ ಕಡಿಮೆಯಾಯಿತು. ಸೆಟ್ಟಿಂಗ್ ನೆನಪಿಡಲು ಬೋರ್ಡಿನಲ್ಲಿರುವ ಸಿಮಾಸ್ ಬ್ಯಾಟರಿ ಸತ್ತಾಗ ಎಲ್ಲ ಮರೆತು 33ಕ್ಕೆ ಹೋಗಿತ್ತು. ಬಯೋಸಿನಲ್ಲಿ ಪ್ರೊಫೈಲ್ ಸೇವ್ ಇದ್ದದ್ದರಿಂದ ಹೊಸ ಸಿಆರ್2032 ಹಾಕಿ ಲೋಡ್ ಮಾಡಿದರೆ ಮುಗಿಯಿತು. ಅಕ್ಟೋಬರ್-ನವೆಂಬರಿನ ಸಂಜೆ ಗುಡುಗಿಗೆ ಮಾತ್ರ ಯುಪಿಎಸ್ಸನ್ನೂ ನೆಚ್ಚಿಕೊಳ್ಳುವುದಿಲ್ಲ, ಪ್ಲಗ್ಗೇ ಕೀಳುತ್ತೇನೆ.

ವಯಸ್ಸು ಕಾಣುವುದು ಬೇರೆ ಕಡೆ. 2018ರಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರಿನ ಭದ್ರತಾ ದೋಷಗಳಿಗೆ ಬಂದ ಪ್ಯಾಚ್‌ಗಳು ಒಂದಿಷ್ಟು ವೇಗ ತಿಂದವು. ಇದರಲ್ಲಿ ಎವಿಎಕ್ಸ್2 ಎಂಬ ಹೊಸ ಆದೇಶಗಳ ಗುಂಪು ಇಲ್ಲ, ಹಾಗಾಗಿ ಕೆಲವು ಹೊಸ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಈಗಿನ ಫೋನುಗಳಲ್ಲಿ ತೆಗೆದ ಎಚ್.265 ಎಂಬ ಹೆಚ್ಚು ಕುಗ್ಗಿಸಿದ ವಿಡಿಯೋ ಟೈಮ್‌ಲೈನ್‌ಗೆ ಹಾಕಿದರೆ ತಡವರಿಸುತ್ತದೆ. ಅದನ್ನು ಬಿಡಿಸುವ ಹಾರ್ಡ್‌ವೇರ್ ಇದರೊಳಗಿಲ್ಲ, ಮಲ್ಟಿಪ್ಲೈಯರ್ 50 ಮಾಡಿದರೂ ಅದು ಹುಟ್ಟುವುದಿಲ್ಲ. ವಿಂಡೋಸ್ 11ರ ಪಟ್ಟಿಯಲ್ಲಿ ಇದು ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾನು ಲಿನಕ್ಸ್ ಹಾಕಿಕೊಂಡಿದ್ದೇನೆ, 43 ಅಲ್ಲೂ ಹಾಗೇ ಇದೆ.

ಹೊಸದಾಗಿ ಕೊಳ್ಳುವವರಿಗೆ ಇದು ಬೇಡ, ಎಎಂಡಿ ರೈಜನ್ ನೋಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಗುತ್ತದೆ ಅಂತ 2500ಕೆ ತೆಗೆದುಕೊಳ್ಳುವುದಾದರೆ ಜೊತೆಗಿರುವ ಬೋರ್ಡ್ ಯಾವುದು ಅಂತ ಮೊದಲು ಕೇಳಿ. ಬೋರ್ಡಿನ ಚಿಪ್‌ಸೆಟ್ ಪಿ67 ಅಥವಾ ಝಡ್68 ಆದರೆ ಸರಿ. ಎಚ್61, ಎಚ್67 ಆದರೆ ಮಲ್ಟಿಪ್ಲೈಯರ್ ಏರಿಸಲು ಅವು ಬಿಡುವುದಿಲ್ಲ. ಆಗ ‘ಕೆ’ ಇಲ್ಲದ 2500 ಸಾಕು.