ಆರ್‌ಸಿ ಕರ್ನಲ್‌ನಲ್ಲಿ ಫೈಲ್‌ಸಿಸ್ಟಮ್ ದೋಷ ಕಂಡರೆ ‘ಎಫ್‌ಎಸ್‌ಸಿಕೆ -ವೈ’ ಕೊಡಬೇಡಿ

ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್) ಎಂದರೆ ಬಿಡುಗಡೆಗೆ ಮುಂಚೆ ಪರೀಕ್ಷೆಗೆ ಬಿಡುವ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ‘ಎಫ್‌ಎಸ್‌ಸಿಕೆ -ವೈ’ ಎಂದರೆ ಫೈಲ್‌ಸಿಸ್ಟಮ್ಮನ್ನು ಏನೂ ಕೇಳದೆ ರಿಪೇರಿ ಮಾಡುವ ಆಜ್ಞೆ. 2021ರ ಫೆಬ್ರುವರಿ ಕೊನೆಗೆ ಬಂದ ಲಿನಕ್ಸ್ 5.12-ಆರ್‌ಸಿ1ರಲ್ಲಿ, ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಅದರ ಪುಟಗಳನ್ನು ಇಡುವ ಫೈಲ್) ಡಿಸ್ಕಿನಲ್ಲಿ ಎಲ್ಲಿಂದ ಶುರುವಾಗುತ್ತದೆ ಎಂಬ ಲೆಕ್ಕವೇ ತಪ್ಪಿಹೋಗಿತ್ತು. ಮೆಮೊರಿಯಿಂದ ಹೊರಬಿದ್ದ ಪುಟಗಳು ಪಾರ್ಟಿಷನ್ನಿನ ತಲೆಭಾಗಕ್ಕೆ, ಅಂದರೆ ಫೈಲ್‌ಸಿಸ್ಟಮ್ಮಿನ ಮೂಲ ವಿವರಗಳನ್ನು ಹಿಡಿದಿಡುವ ಸೂಪರ್‌ಬ್ಲಾಕ್ ಇರುವಲ್ಲಿಗೇ ಹೋಗಿ ಕೂತವು. ಸ್ವಾಪ್‌ಗೆ ಬೇರೆ ಪಾರ್ಟಿಷನ್ ಇಟ್ಟಿದ್ದವರು ಬಚಾವಾದರು. ಲಿನಕ್ಸ್ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಆ ಆವೃತ್ತಿಯ ಟ್ಯಾಗಿನ ಹೆಸರಿಗೇ ‘ಡೋಂಟ್‌ಯೂಸ್’ (ಬಳಸಬೇಡಿ) ಎಂದು ಸೇರಿಸಿ, ಮಾರ್ಚ್ 5ಕ್ಕೇ ಆರ್‌ಸಿ2 ಬಿಟ್ಟರು.

ಹಾಳಾದದ್ದು ಫೈಲ್‌ಸಿಸ್ಟಮ್, ತಪ್ಪು ಅದರ ಕೋಡಿನಲ್ಲೂ ಇರಲಿಲ್ಲ, ಡಿಸ್ಕಿನಲ್ಲೂ ಇರಲಿಲ್ಲ. 2018ರಲ್ಲಿ ಲಿನಕ್ಸ್ 4.19 ಕೆಟ್ಟಾಗಲೂ ಅನುಮಾನ ಮೊದಲು ಬಿದ್ದದ್ದು ಲಿನಕ್ಸ್‌ನ ಫೈಲ್‌ಸಿಸ್ಟಮ್‌ಗಳಲ್ಲೊಂದಾದ ಇಎಕ್ಸ್‌ಟಿ4 ಮೇಲೆ; ದೋಷ ಸಿಕ್ಕಿದ್ದು ಅದರ ಕೆಳಗೆ, ಡಿಸ್ಕಿಗೆ ಓದು-ಬರಹ ಕಳಿಸುವ ಬ್ಲಾಕ್ ಪದರದಲ್ಲಿ. ಅದು ಆರ್‌ಸಿ ಕೂಡ ಅಲ್ಲ, ಬಿಡುಗಡೆಯಾಗಿದ್ದ ಕರ್ನಲ್.

ಹಾಗಾಗಿ ಅದೇ ಕರ್ನಲ್‌ನಲ್ಲಿ ಕೂತು ರಿಪೇರಿಗೆ ಇಳಿಯಲೇಬೇಡಿ. ರಿಪೇರಿಯ ಬರಹವೂ ಅದೇ ಕೆಟ್ಟ ದಾರಿಯಲ್ಲೇ ಹೋಗುತ್ತದೆ, ಇದ್ದ ಸುಳಿವೂ ಅಳಿಸುತ್ತದೆ.

ಮೊದಲು ಕರ್ನಲ್ ಸಂದೇಶಗಳನ್ನು ತೋರಿಸುವ ‘ಡಿಮೆಸೆಜ್’ ಆಜ್ಞೆಯ ಔಟ್‌ಪುಟ್ಟನ್ನು ಪೆನ್‌ಡ್ರೈವ್‌ಗೆ ಉಳಿಸಿ. ರೂಟ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ ಆಗಿಬಿಟ್ಟಿದ್ದರೆ ಲಾಗ್ ಡಿಸ್ಕಿಗೆ ಬರೆದಿರುವುದಿಲ್ಲ, ರೀಬೂಟ್ ಮಾಡಿದರೆ ಹೋಯಿತು. ಇಎಕ್ಸ್‌ಟಿ4 ದೋಷಕ್ಕೆ ಮುಂಚೆ ‘ಐ/ಒ ಎರರ್’ ಸಾಲುಗಳಿದ್ದರೆ ಡಿಸ್ಕು ಅಥವಾ ಕೇಬಲ್ ನೋಡಿ. ಡಿಸ್ಕಿನ ಆರೋಗ್ಯ ತೋರಿಸುವ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟಾಗ 197 ಎಂಬ ಸಂಖ್ಯೆಯ ಸಾಲಿನ ಪೆಂಡಿಂಗ್ ಸೆಕ್ಟರ್ (ಓದಲಾಗದೆ ಬಾಕಿ ಉಳಿದ ಸೆಕ್ಟರ್) ಎಣಿಕೆ ಏರುತ್ತಿದ್ದರೆ ಡಿಸ್ಕು ಕೆಡುತ್ತಿದೆ. 199ರ ಸಿಆರ್‌ಸಿ ಎಣಿಕೆ (ಡೇಟಾ ಸಾಗುವಾಗ ಆದ ತಪ್ಪುಗಳು) ಏರುತ್ತಿದ್ದರೆ ಕಾರಣ ಹೆಚ್ಚಾಗಿ ಸಾಟಾ ಕೇಬಲ್. ಎರಡೂ ಸ್ಥಿರವಾಗಿದ್ದು, ಐ/ಒ ಎರರ್ ಇಲ್ಲದೆ ಬರೀ ಚೆಕ್‌ಸಮ್ ತಪ್ಪುಗಳು ಬರುತ್ತಿದ್ದರೆ ಕರ್ನಲ್ ಮೇಲೂ ರ‍್ಯಾಮ್ ಮೇಲೂ ಅನುಮಾನ ಇಡಬೇಕು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ರಾತ್ರಿ ಪೂರ್ತಿ ಓಡಲಿ.

ಆಮೇಲೆ ಸ್ಥಿರ ಕರ್ನಲ್ ಇರುವ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಸ್ಕಿನ ಪ್ರತಿ ತೆಗೆಯುವ ‘ಡಿಡಿರೆಸ್ಕ್ಯೂ’ದಿಂದ ಇಡೀ ಪಾರ್ಟಿಷನ್ನನ್ನು ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳಿ. ಇದೊಂದು ಹೆಜ್ಜೆ ಬಿಟ್ಟವರಿಗೆ ಹಿಂದಿರುಗುವ ದಾರಿಯೇ ಇರುವುದಿಲ್ಲ. ಆ ಪ್ರತಿಯ ಮೇಲೆ ‘ಇ2ಎಫ್‌ಎಸ್‌ಸಿಕೆ -ಎಫ್‌ಎನ್’ (ಇಎಕ್ಸ್‌ಟಿ4ಗೆ ಬಳಸುವ ಎಫ್‌ಎಸ್‌ಸಿಕೆ) ಓಡಿಸಿ. ‘ಎನ್’ ಇದ್ದರೆ ಏನೂ ಬರೆಯುವುದಿಲ್ಲ. ಮೌಂಟ್ ಆಗಿರುವ ಪಾರ್ಟಿಷನ್ ಮೇಲೆ ಇದನ್ನೇ ಓಡಿಸಿದರೆ ಇಲ್ಲದ ದೋಷಗಳೂ ಕಾಣುತ್ತವೆ, ನಂಬಬೇಡಿ. ಸೂಪರ್‌ಬ್ಲಾಕೇ ಹೋಗಿದ್ದರೆ, 4 ಕೆಬಿ ಬ್ಲಾಕಿನ ಇಎಕ್ಸ್‌ಟಿ4ನಲ್ಲಿ ಸಾಮಾನ್ಯವಾಗಿ ಮೊದಲ ನಕಲು 32768ನೇ ಬ್ಲಾಕಿನಲ್ಲಿರುತ್ತದೆ. ‘-ಬಿ 32768’ ಕೊಟ್ಟು ನೋಡಿ.

ಯಾವ ಕಮಿಟ್ (ಕೋಡಿನ ಬದಲಾವಣೆ) ಕೆಡಿಸಿತು ಎಂದು ಗಿಟ್ ಬೈಸೆಕ್ಟ್ ಮಾಡುವುದಾದರೆ, ಅಂದರೆ ಸುತ್ತು ಸುತ್ತಾಗಿ ಅರ್ಧರ್ಧ ಕಮಿಟ್‌ಗಳನ್ನು ಕೈಬಿಡುತ್ತಾ ಹುಡುಕುವುದಾದರೆ, ಬಿಸಾಡಬಹುದಾದ ವರ್ಚುವಲ್ ಮಷೀನಿನಲ್ಲಿ ಮಾಡಿ, ಪ್ರತಿ ಸುತ್ತಿಗೂ ಹೊಸ ಇಮೇಜ್ ಇಟ್ಟು. ಹಿಂದಿನ ಸುತ್ತಿನಲ್ಲಿ ಹಾಳಾದ ಇಮೇಜನ್ನೇ ಮುಂದುವರಿಸಿದರೆ ಒಳ್ಳೆಯ ಕಮಿಟ್ ಕೂಡ ಕೆಟ್ಟದ್ದಾಗಿ ಕಾಣುತ್ತದೆ.