ಮುದ್ದೆ ಚೆನ್ನಾಗಿದೆ, ಒಳಗಿನ ಬೆಂಚಿನ ಕಥೆ ಬೇರೆ

ಹಾಸನಕ್ಕೆ ಹೊಸದಾಗಿ ಬಂದು ಮೆಸ್ ಹುಡುಕುತ್ತಿರುವವರು ಸ್ವಲ್ಪ ಓದಿ. ಸಾಲಗಾಮೆ ರಸ್ತೆ ಕಡೆ, ಒಂದು ಮನೆಯ ಕೆಳಗಡೆ ನಡೆಯುವ ಮೆಸ್ ಇದು. ಬೋರ್ಡು ಇಲ್ಲ. ನಾನೂ ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಹೆಂಡತಿಗೆ ಸಕಲೇಶಪುರದ ಶಾಲೆಗೆ ವರ್ಗ ಆದ ಮೇಲೆ ಎಂಟು ತಿಂಗಳಿಂದ ಎರಡು ಹೊತ್ತೂ ಅಲ್ಲೇ ಊಟ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬುಧವಾರ ಮಧ್ಯಾಹ್ನ ಮುದ್ದೆ, ಬಸ್ಸಾರು. ಮೆಸ್ ನಡೆಸುವ ಅಕ್ಕ ಮುದ್ದೆಯನ್ನು ಬೇರೆ ಯಾರ ಕೈಗೂ ಕೊಡಲ್ಲ. ಕೋಲು ಹಾಕಿ ತಿರುವಿ, ಕೈ ಒದ್ದೆ ಮಾಡಿಕೊಂಡು, ಮಣೆ ಮೇಲೆ ಎರಡೇ ಸುತ್ತು ಉರುಳಿಸಿ ತಟ್ಟೆಗೆ ಬಿಡುತ್ತಾರೆ. ಒಂದು ಗಂಟು ಸಿಕ್ಕಿದ್ದಿಲ್ಲ ಇವತ್ತಿನವರೆಗೆ. ಬಸ್ಸಾರಿಗೆ ಹಲಸಂದೆ ಕಾಳು, ಜೊತೆಗೆ ಆ ದಿನ ಸಂತೆಯಲ್ಲಿ ಸಿಕ್ಕಿದ ಸೊಪ್ಪು, ಪಲ್ಯಕ್ಕೆ ಕಾಯಿತುರಿ ಜಿಪುಣತನ ಇಲ್ಲದೆ ಹಾಕಿರುತ್ತಾರೆ. ಶನಿವಾರ ಅಕ್ಕಿ ರೊಟ್ಟಿ. ಉಳಿದ ದಿನದ ಸಾಂಬಾರು ಅಷ್ಟಕ್ಕಷ್ಟೆ, ಮಜ್ಜಿಗೆ ನೀರೇ ಜಾಸ್ತಿ. ತಿಂಗಳಿಗೆ 3,500 ರೂಪಾಯಿ, ಒಂದು ಕಾರ್ಡು ಕೊಡುತ್ತಾರೆ, ಊಟಕ್ಕೊಂದು ಟಿಕ್. ಭಾನುವಾರ ರಾತ್ರಿ ರಜೆ.

ಈಗ ಬೆಂಚಿನ ವಿಷಯ. ಹೊರಗೆ ಶೀಟ್ ಕೆಳಗೆ ಉದ್ದನೆ ಬೆಂಚುಗಳಿವೆ, ಹುಡುಗರೆಲ್ಲ ಅಲ್ಲಿ. ಅಡುಗೆಮನೆ ಪಕ್ಕ ಒಂದು ಸಣ್ಣ ಕೋಣೆ ಇದೆ, ಆರು ಜನ ಕೂರಬಹುದು. ಅಲ್ಲಿ ಕೂತವರಿಗೆ ಹಪ್ಪಳ, ಮುದ್ದೆ ಮೇಲೆ ತುಪ್ಪ, ಗಟ್ಟಿ ಮೊಸರು. ದುಡ್ಡು ಮಾತ್ರ ಎಲ್ಲರಿಗೂ ಅಷ್ಟೇ. ಹಳೇ ಗಿರಾಕಿಗಳಿಗೆ ಅಂತ ಹೇಳುತ್ತಾರೆ, ಆದರೆ ನನ್ನನ್ನು ಒಳಗೆ ಕರೆದದ್ದು ಎರಡನೇ ವಾರಕ್ಕೇ, ನಮ್ಮಪ್ಪನ ಹೆಸರು, ಊರು ಕೇಳಿದ ಮೇಲೆ. ನಾನೂ ತುಪ್ಪ ತಿಂದುಕೊಂಡು ಸುಮ್ನೆ ಇದ್ದೆ. ಸುಳ್ಳು ಯಾಕೆ ಹೇಳಲಿ.

ಹೋದ ತಿಂಗಳು ಅಣ್ಣನ ಮಗಳು ಪುಟ್ಟಿ ರಜೆಗೆ ಬಂದಿದ್ದಳು. ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ, 1746ರಲ್ಲಿ ಶುರುವಾದದ್ದು ಅದು. ಬುಧವಾರ ಮೆಸ್ಸಿಗೆ ಕರೆದುಕೊಂಡು ಹೋದೆ. ಒಳಗಿನ ಕೋಣೆ ನೋಡಿ ನಕ್ಕು, 'ಚಿಕ್ಕಪ್ಪ, ಇದು ನಮ್ಮ ಈಟಿಂಗ್ ಕ್ಲಬ್ ಥರಾನೇ ಇದೆಯಲ್ಲ' ಅಂದಳು.

ಏನದು ಅಂತ ಕೇಳಿದೆ. ಅಲ್ಲಿ ಪ್ರಾಸ್ಪೆಕ್ಟ್ ಅವೆನ್ಯೂ ಅಂತ ಒಂದು ಬೀದಿ. ಅದರ ಉದ್ದಕ್ಕೂ, ಪಕ್ಕದಲ್ಲೂ ಸೇರಿ ಬಂಗಲೆಯಂಥ 11 ಕ್ಲಬ್ಬುಗಳು, ಮೂರನೇ ಮತ್ತು ನಾಲ್ಕನೇ ವರ್ಷದ ಹುಡುಗರು ತುಂಬ ಜನ ಊಟ ಮಾಡುವುದು ಅಲ್ಲೇ. ಐವಿ ಅನ್ನುವುದು ಎಲ್ಲಕ್ಕಿಂತ ಹಳೆಯದು, 1879ರದ್ದು. ವರ್ಷಕ್ಕೆ ಹತ್ತಿರ ಹತ್ತಿರ 10,000 ಡಾಲರ್ ಆಗುತ್ತಂತೆ, ನಮ್ಮ ಅಕ್ಕ ಕೇಳಿಸಿಕೊಂಡಿದ್ದರೆ ಸೌಟು ಕೆಳಗೆ ಬೀಳುತ್ತಿತ್ತು! ಕೆಲವು ಕ್ಲಬ್ಬಿಗೆ ಹೆಸರು ಬರೆಸಿದರೆ ಆಯ್ತು. ಇನ್ನು ಕೆಲವಕ್ಕೆ 'ಬಿಕರ್' ಅಂತ ಒಂದು ಶಾಸ್ತ್ರ. ಎರಡನೇ ವರ್ಷದಲ್ಲಿ ಹೋಗಿ ಅಲ್ಲಿನ ಸದಸ್ಯರ ಜೊತೆ ಕೂತು ಮಾತಾಡಬೇಕು, ಆಟ ಆಡಬೇಕು, ನಗಿಸಬೇಕು. ಆಮೇಲೆ ಅವರು ಬಾಗಿಲು ಹಾಕಿಕೊಂಡು ಒಬ್ಬೊಬ್ಬರ ಬಗ್ಗೆಯೂ ಚರ್ಚೆ ಮಾಡಿ, ಇವನು ಬೇಕು, ಇವಳು ಬೇಡ ಅಂತ ತೀರ್ಮಾನ ಮಾಡುತ್ತಾರೆ. ಬೇಡ ಅಂತ ಆದವರಿಗೆ 'ಹೋಸ್ಡ್' ಅನ್ನುತ್ತಾರೆ, ಪೈಪಿನಲ್ಲಿ ನೀರು ಹೊಡೆಸಿಕೊಂಡ ಹಾಗೆ. ಹೆಣ್ಣು ನೋಡಲು ಬರುವವರೇ ಎಷ್ಟೋ ವಾಸಿ, ಉಪ್ಪಿಟ್ಟು ತಿಂದು ಪತ್ರ ಬರೆಯುತ್ತೇವೆ ಅಂತಲಾದರೂ ಹೇಳಿ ಹೋಗುತ್ತಾರೆ.

1958ರಲ್ಲಿ ಹೀಗೇ ಆಯ್ಕೆ ಮಾಡಿ ಕೊನೆಗೆ 23 ಹುಡುಗರು ಯಾವ ಕ್ಲಬ್ಬಿಗೂ ಬೇಡವಾದರಂತೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಯಹೂದಿಗಳು. ಅದಕ್ಕೂ ಮುಂಚೆ, 1907ರಲ್ಲಿ, ಆಗ ಆ ಯೂನಿವರ್ಸಿಟಿಯ ಮುಖ್ಯಸ್ಥರಾಗಿದ್ದ ವುಡ್ರೋ ವಿಲ್ಸನ್ ಈ ಕ್ಲಬ್ಬುಗಳ ಬದಲು ಎಲ್ಲರೂ ಒಟ್ಟಿಗೆ ಇದ್ದು ಉಣ್ಣುವ ವ್ಯವಸ್ಥೆ ಮಾಡೋಣ ಅಂದರು. ಹಳೇ ವಿದ್ಯಾರ್ಥಿಗಳು ತಿರುಗಿಬಿದ್ದರು, ಆಗಲಿಲ್ಲ. ಅವರು ಮುಂದೆ ಇಡೀ ದೇಶಕ್ಕೇ ಅಧ್ಯಕ್ಷರಾದರು, ಊಟದ ಪಂಕ್ತಿ ಮಾತ್ರ ಸರಿಮಾಡಲು ಆಗಲಿಲ್ಲ ನೋಡಿ. ಇನ್ನು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದ ಮೂರು ಕ್ಲಬ್ಬುಗಳ ಮೇಲೆ ಸ್ಯಾಲಿ ಫ್ರಾಂಕ್ ಅನ್ನುವ ವಿದ್ಯಾರ್ಥಿನಿ 1979ರಲ್ಲಿ ದೂರು ಕೊಟ್ಟಳು. ಕೊನೇ ಕ್ಲಬ್ಬು ಬಾಗಿಲು ತೆಗೆಯುವಾಗ 1991.

ಇದನ್ನೆಲ್ಲ ಕೇಳಿ ನಾನು ಜೋರಾಗಿ, 'ನಮ್ಮಲ್ಲಿ ಹಾಗೆಲ್ಲ ಇಲ್ಲಪ್ಪ' ಅಂದೆ. ಹೇಳಿದ ಮೇಲೆ ನಮ್ಮಪ್ಪ ಓದಿದ ಹಾಸ್ಟೆಲು ನೆನಪಾಯಿತು. ನಮ್ಮ ಜಾತಿಯವರದ್ದೇ. ಅಲ್ಲಿ ಪಂಕ್ತಿಗೆ ಕೂರಲು ಬಿಕರ್ ಏನೂ ಬೇಕಿರಲಿಲ್ಲ, ಹುಟ್ಟುವಾಗಲೇ ಪಾಸಾಗಿರುತ್ತಿದ್ದರು.

ಅಷ್ಟರಲ್ಲಿ ಒಬ್ಬ ಹೊಸ ಹುಡುಗ ಕಾರ್ಡು ಮಾಡಿಸಲು ಬಂದ. ಅಕ್ಕ ಸೌಟು ಹಿಡಿದುಕೊಂಡೇ ಕೇಳಿದರು, 'ಯಾವೂರಪ್ಪ?'

'ಅರಕಲಗೂಡು ಹತ್ರ.'

'ಅದು ಸರಿ, ಯಾರ ಪೈಕಿ?'

ಆ ಹುಡುಗನಿಗೆ ಪ್ರಶ್ನೆ ಹೊಸದಲ್ಲ ಅಂತ ಮುಖದಲ್ಲೇ ಗೊತ್ತಾಯಿತು. ಒಂದು ಕ್ಷಣ ತಡೆದು, 'ಇಂಜಿನಿಯರಿಂಗ್ ಪೈಕಿ ಅಕ್ಕ' ಅಂದ. ಹೊರಗಿನ ಬೆಂಚಲ್ಲಿ ಯಾರೋ ಕಿಸಕ್ಕಂತ ನಕ್ಕರು. ಅಕ್ಕ ನಗಲಿಲ್ಲ. ಕಾರ್ಡು ಕೊಟ್ಟರು, ಜಾಗ ಹೊರಗೆ ತೋರಿಸಿದರು, ಅವನ ಲೋಟವನ್ನು ಕಿಟಕಿಯ ಕೊನೆಯಲ್ಲಿ ಬೇರೆ ಇಟ್ಟರು. ಮೂರು ದಿನ ಬಂದ, ಆಮೇಲೆ ಕಾಣಲಿಲ್ಲ. ಪೂರ್ತಿ ತಿಂಗಳ ದುಡ್ಡು ಕೊಟ್ಟಿದ್ದ.

ಪುಟ್ಟಿ ಅವತ್ತು ತಟ್ಟೆ ಎತ್ತಿಕೊಂಡು ಹೊರಗಿನ ಬೆಂಚಿಗೆ ಹೋಗಿ ಕೂತಳು. ಹಿಂದೆ ನಾನೂ ಹೋದೆ, ತುಪ್ಪ ಹಾಕಿಸಿಕೊಂಡ ಮೇಲೆ. ಅದನ್ನು ಅವಳು ಇವತ್ತಿಗೂ ಫೋನಲ್ಲಿ ಆಡಿಕೊಳ್ಳುತ್ತಾಳೆ.

ಅಡುಗೆಗೆ 5ಕ್ಕೆ 4 ಕೊಡುತ್ತೇನೆ. ಮೆಸ್ಸಿಗೆ 2. ಕಾರ್ಡು ಮಾಡಿಸುವ ಮುಂಚೆ ಒಂದು ದಿನ ಬಿಡಿ ಊಟ ಮಾಡಿ ನೋಡಿ, ನಿಮ್ಮ ಲೋಟ ಎಲ್ಲಿಡುತ್ತಾರೆ ಅಂತ ಗಮನಿಸಿ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಒಂದೂವರೆ ಮೇಲೆ ಹೋದರೆ ಪಲ್ಯ ಮುಗಿದಿರುತ್ತೆ.

ನನ್ನ ಕಾರ್ಡಿನಲ್ಲಿ ಇನ್ನೂ ಒಂಬತ್ತು ಊಟ ಬಾಕಿ ಇದೆ. ಹೊಸದು ಮಾಡಿಸಬಾರದು ಅಂತ ಅಂದುಕೊಂಡಿದ್ದೇನೆ. ನಾಳೆ ಬುಧವಾರ ಬೇರೆ.