ಗ್ಲೋವ್‌ಬಾಕ್ಸ್ ಒಳಗಿನ ಎಎಫ್‌ಎಂ: ಭೋಸರಿಯಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಬ್ಯಾಟರಿ ಲ್ಯಾಬ್‌ಗೆ ಈ ಎಎಫ್‌ಎಂ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಸೂಜಿಯಿಂದ ಸವರಿ ಮೇಲ್ಮೈಯ ಚಿತ್ರ ತೆಗೆಯುವ ಯಂತ್ರ) ಬಂದು ನಾಲ್ಕು ವರ್ಷ ಆಯ್ತು. ಆರ್ಗಾನ್ ತುಂಬಿದ ಗ್ಲೋವ್‌ಬಾಕ್ಸ್ ಒಳಗೇ, ಅಂದರೆ ಹೊರಗಿನ ಗಾಳಿ, ತೇವ ತಾಗದಂತೆ ಮುಚ್ಚಿ, ಗ್ಲೋವ್ ಮೂಲಕ ಕೈ ಹಾಕಿ ಕೆಲಸ ಮಾಡುವ ಪೆಟ್ಟಿಗೆಯಲ್ಲಿ, ಕೂರಿಸಿದ ಮಾಡೆಲ್. ದೂರುಗಳೂ ಇರುವುದರಿಂದ ಕಂಪನಿಯ ಹೆಸರು ಬೇಡ.

ಮೊದಲು ಇಷ್ಟವಾಗಿದ್ದನ್ನು ಹೇಳುತ್ತೇನೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕೆಂದರೆ ಸಾಮಾನ್ಯವಾಗಿ ಸೆಲ್ ಬಿಚ್ಚಿ, ತೊಳೆದು, ಒಣಗಿಸಬೇಕು. ಊಟ ಮುಗಿದ ಮೇಲೆ ಎಲೆ ನೋಡಿ ಏನೇನು ಬಡಿಸಿದ್ದರು ಅಂತ ಊಹಿಸಿದ ಹಾಗೆ. ಎಎಫ್‌ಎಂನಲ್ಲಿ ಎಲೆಕ್ಟ್ರೋಲೈಟ್ (ಲಿಥಿಯಂ ಅಯಾನ್ ಓಡಾಡುವ ದ್ರವ) ಒಳಗೇ, ಚಾರ್ಜ್ ಆಗುತ್ತಿರುವಾಗಲೇ ನೋಡಬಹುದು. ಸುಮಾರು 10 ನ್ಯಾನೋಮೀಟರ್ ಮೊನೆಯ ಸೂಜಿ ಮೇಲ್ಮೈಯನ್ನು ಸವರುತ್ತಾ ಹೋಗುತ್ತದೆ. ಅದರ ಏರಿಳಿತವನ್ನು ಲೇಸರ್ ಅಳೆಯುತ್ತದೆ.

ನಾನು ಮರೆಯದ ಸ್ಕ್ಯಾನ್ ಒಂದಿದೆ. ಗ್ರಾಫೈಟ್ ತುಂಡಿಗೆ ಟೇಪ್ ಅಂಟಿಸಿ ಕಿತ್ತರೆ ಹೊಸ ಮೈ ಸಿಗುತ್ತದೆ. ಅದರ ಒಂದು ಪದರದ ಮೆಟ್ಟಿಲು ಬರೀ 0.335 ನ್ಯಾನೋಮೀಟರ್. ಲಿಥಿಯಂಗೆ ಹೋಲಿಸಿ ವೋಲ್ಟೇಜನ್ನು 0.8ರ ಹತ್ತಿರ ಇಳಿಸಿದಾಗ ಮೆಟ್ಟಿಲಿನ ಅಂಚಿನಲ್ಲೇ ಮೊದಲು ಉಬ್ಬುಗಳು ಎದ್ದವು. ನಡುವಿನ ಸಪಾಟು ಜಾಗ ಹಾಗೇ ಇತ್ತು. ಅದೇ ಎಸ್‌ಇಐ, ಎಲೆಕ್ಟ್ರೋಲೈಟ್ ಒಡೆದು ಎಲೆಕ್ಟ್ರೋಡ್ ಮೇಲೆ ಕಟ್ಟಿಕೊಂಡು ಮೊದಲ ಚಾರ್ಜ್‌ನಲ್ಲಿ ಒಂದಿಷ್ಟು ಲಿಥಿಯಂ ನುಂಗಿಬಿಡುವ ಪದರ. ಖುಷಿಯಲ್ಲಿ ಅದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿದೆ. ಆಮೇಲೆ ಅಗಲಿಸಿ ನೋಡಿದರೆ ನಡುವೆ ಒಂದು ಚೌಕ, ಪೊರಕೆಯಲ್ಲಿ ಗುಡಿಸಿದಷ್ಟು ಚೊಕ್ಕ! ಪದರ ಮೆತ್ತಗಿತ್ತು, ನನ್ನ ಸೂಜಿಯೇ ಕೆರೆದು ಹಾಕಿತ್ತು. ಆ ತಪ್ಪೇ ಈಗ ನಮಗೆ ಉಪಯೋಗ. ಬೇಕೆಂದೇ ಒಂದು ಚೌಕ ಕೆರೆದು, ಅಂಚಿನಲ್ಲಿ ಪದರದ ದಪ್ಪ ಅಳೆಯುತ್ತೇವೆ.

ಇನ್ನು ಗೋಳು. ಗ್ಲೋವ್‌ಬಾಕ್ಸ್‌ನ ಬ್ಲೋವರ್ ಓಡುತ್ತಿದ್ದರೆ ಚಿತ್ರದ ತುಂಬಾ ಗೆರೆ. ಆಫ್ ಮಾಡಿದರೆ ಆರ್ಗಾನ್ ಶುದ್ಧಿಯಾಗುವುದು ನಿಲ್ಲುತ್ತದೆ, ಎಲೆಕ್ಟ್ರೋಲೈಟ್‌ನ ದ್ರಾವಕದ ಆವಿ ಒಳಗೇ ಉಳಿಯುತ್ತದೆ. ಬೇಗ ಆರುವ ಡೈಮಿಥೈಲ್ ಕಾರ್ಬೊನೇಟ್ ಬಿಟ್ಟು ನಾವು ಪ್ರೊಪಿಲೀನ್ ಕಾರ್ಬೊನೇಟ್ ಕಡೆ ಹೋದೆವು, ಆದರೆ ಅದು ಗ್ರಾಫೈಟ್‌ಗೆ ಆಗಿಬರುವುದಿಲ್ಲ, ಪದರಗಳನ್ನೇ ಎಬ್ಬಿಸುತ್ತದೆ. ಅದಕ್ಕೆ ಬೇರೆ ಮಿಶ್ರಣವೇ ಬೇಕಾಯ್ತು. ದಪ್ಪ ರಬ್ಬರ್ ಗ್ಲೋವ್ ಹಾಕಿಕೊಂಡು ಸೂಜಿ ಇರುವ, ಅಕ್ಕಿಕಾಳಿಗಿಂತ ಚಿಕ್ಕ ಚಿಪ್ ಅನ್ನು ಚಿಮಟದಲ್ಲಿ ಕೂರಿಸುವ ಕಷ್ಟ ಮಾಡಿದವರಿಗೇ ಗೊತ್ತು. ಎಷ್ಟು ಟಿಪ್ ಹಾಳಾದವೋ ಲೆಕ್ಕ ಇಟ್ಟಿಲ್ಲ.

ಡೆಮೋದಲ್ಲಿ ತೋರಿಸಿದ್ದು ಕನ್ನಡಿಯಂಥ ಸಪಾಟು ಸ್ಯಾಂಪಲ್. ನಿಜವಾದ ಎಲೆಕ್ಟ್ರೋಡ್ ಹಾಗಿರಲ್ವಲ್ಲ! ಕಣ, ಕಾರ್ಬನ್ ಪುಡಿ, ಬೈಂಡರ್ ಎಲ್ಲಾ ಸೇರಿ ಜಲ್ಲಿ ರಸ್ತೆ. ಅಡ್ಡಕ್ಕೆ ಕತ್ತರಿಸಿ ಅಯಾನ್ ಕಿರಣದಲ್ಲಿ ಪಾಲಿಶ್ ಮಾಡಿಸಿದ ಮೇಲೇ ಕರೆಂಟ್ ಎಲ್ಲಿ ಹರಿಯುತ್ತದೆ, ಎಲ್ಲಿ ಇಲ್ಲ ಅನ್ನುವ ನಕ್ಷೆ ಸಿಕ್ಕಿದ್ದು. ಆ ಪಾಲಿಶ್ ಖರ್ಚನ್ನು ಕೊಟೇಶನ್‌ನಲ್ಲಿ ಯಾರೂ ಹೇಳಿರಲಿಲ್ಲ.

ಲಿಥಿಯಂ ಓಡಾಟವನ್ನೇ ತೋರಿಸುತ್ತದೆ ಅಂತ ಮಾರುವ ಸ್ಟ್ರೇನ್ ಮೋಡ್ (ಸೂಜಿಯಿಂದ ವೋಲ್ಟೇಜ್ ಕೊಟ್ಟು ಮೇಲ್ಮೈ ಎಷ್ಟು ಉಬ್ಬುತ್ತದೆ ಅಂತ ಅಳೆಯುವುದು) ಬಗ್ಗೆ ಸ್ವಲ್ಪ ಹುಷಾರು. ಬಣ್ಣಬಣ್ಣದ ಚಿತ್ರ ಬರುತ್ತದೆ ನಿಜ, ಆದರೆ ಮೇಲ್ಮೈಯ ಸ್ಥಿರ ವಿದ್ಯುತ್ ಸೆಳೆತವೂ ಅದೇ ಸಿಗ್ನಲ್‌ನಲ್ಲಿ ಬೆರೆತಿರುತ್ತದೆ. ನಾವು ಅದನ್ನು ಹೆಚ್ಚು ಮುಟ್ಟುವುದಿಲ್ಲ.

ಎರಡನೇ ವರ್ಷ ಚಿತ್ರದಲ್ಲಿ ಆಗಾಗ ಒಂದು ಜಿಗಿತ ಬರತೊಡಗಿತು. ಸರ್ವಿಸ್ ಎಂಜಿನಿಯರ್ ಎರಡು ಸಲ ಬಂದು ಸ್ಕ್ಯಾನರ್ ಬದಲಿಸಬೇಕು ಅಂದರು. ನಮ್ಮ ಟೆಕ್ನಿಷಿಯನ್ ಸೊಲ್ಲಾಪುರದ ಹುಡುಗ. ಗೋಡೆಗೆ ಕಿವಿಯಿಟ್ಟು, "ಸರ, ಸ್ಕ್ಯಾನರ್ ಅಲ್ರೀ, ಬಾಜೂ ಶೆಡ್ಡಿನ ಪ್ರೆಸ್ ಐತ್ರೀ" ಅಂದ. ಹೌದು, ಪಕ್ಕದವರ ಪವರ್ ಪ್ರೆಸ್ ಬಡಿದಾಗಲೆಲ್ಲ ಸೂಜಿ ಹಾರುತ್ತಿತ್ತು. ಗುರುವಾರ ಆ ಶೆಡ್‌ಗೆ ವಾರದ ರಜೆ. ಮುಖ್ಯವಾದ ಸ್ಕ್ಯಾನ್‌ಗಳನ್ನೆಲ್ಲ ಈಗ ಗುರುವಾರಕ್ಕೇ ಇಟ್ಟುಕೊಳ್ಳುತ್ತೇವೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅದರಲ್ಲಿ ಅರ್ಧ ಅಂಕ ಆ ಹುಡುಗನ ಕಿವಿಗೆ.